ಬಳ್ಳಿ ಕಂಡರೆ ಕಾಯಿ ಹುಡುಕಿ: ಕಣ್ಣಿನ ಚಿತ್ರಗಳಲ್ಲಿ ಪಿಸಿವಿ ಗುರುತಿಸುವ ಬಗೆ

ಅರವತ್ತು ದಾಟಿದ ಹಿರಿಯರೊಬ್ಬರು ಬಂದಿದ್ದರು. ಬಲಗಣ್ಣಿಗೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ ಅಂದರು. ಫೈಲಿನಲ್ಲಿ ‘ವೆಟ್ ಎಎಂಡಿ’ ಅಂತ ಬರೆದಿತ್ತು, ಅಂದರೆ ವಯಸ್ಸಾದಂತೆ ರೆಟಿನಾದ ನಡುಭಾಗದ ಅಡಿಯಲ್ಲಿ ಹೊಸ ನಾಳ ಬೆಳೆದು ಸೋರುವ ಕಾಯಿಲೆ. ತಿಂಗಳಿಗೊಂದರಂತೆ ನಾಲ್ಕು ಇಂಜೆಕ್ಷನ್ ಆಯಿತು. ಪ್ರತಿ ಸಲ ಓಸಿಟಿ (ರೆಟಿನಾದ ಪದರಗಳನ್ನು ತೋರಿಸುವ ಬೆಳಕಿನ ಸ್ಕ್ಯಾನ್) ತೆಗೆದದ್ದು ನಾನೇ. ಪ್ರತಿ ಸಲವೂ ರೆಟಿನಾದ ಅಡಿಯಲ್ಲಿ ನೀರು ಹಾಗೇ ನಿಂತಿತ್ತು. ಐದನೇ ಸಲ ಡಾಕ್ಟರ್ ಐಸಿಜಿ (ರಕ್ತಕ್ಕೆ ಹಸಿರು ಡೈ ಕೊಟ್ಟು ಕಣ್ಣಿನ ನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿ ಅಂದರು. ಡೈ ಕೊಟ್ಟು ಎರಡು ನಿಮಿಷ ಆಗಿರಲಿಲ್ಲ, ಕಣ್ಣಿನ ನರ ಹೊರಡುವ ಆಪ್ಟಿಕ್ ಡಿಸ್ಕಿನ ಅಂಚಿನಲ್ಲಿ ಎರಡು ದುಂಡು ಚುಕ್ಕೆ ಬೆಳಗಿದವು. ಅವು ಮೊದಲಿನಿಂದಲೂ ಅಲ್ಲೇ ಇದ್ದವು. ನಾನು ಪ್ರತಿ ತಿಂಗಳು ಸ್ಕ್ಯಾನ್ ಹಾಕುತ್ತಿದ್ದ ಚೌಕದ ಹೊರಗೆ, ಕೂದಲೆಳೆಯಷ್ಟು ದೂರದಲ್ಲಿ.

ನಾನು ಆಪ್ಟೊಮೆಟ್ರಿಸ್ಟ್. 14 ವರ್ಷದಿಂದ ರೆಟಿನಾ ವಿಭಾಗದ ಇಮೇಜಿಂಗ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ರೋಗ ಯಾವುದು ಅಂತ ತೀರ್ಮಾನಿಸುವುದು ಡಾಕ್ಟರ್. ಆದರೆ ಅವರು ನೋಡುವುದು ನಾವು ಕೊಟ್ಟ ಚಿತ್ರವನ್ನೇ ಅಲ್ವಾ? ನಾವು ತೆಗೆಯದೇ ಬಿಟ್ಟ ಜಾಗದಲ್ಲಿ ರೋಗ ಕೂತಿದ್ದರೆ ಅದು ಯಾರಿಗೂ ಕಾಣುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ರೆಟಿನಾ ಕಲಿಯುತ್ತಿರುವ ಕಿರಿಯ ಡಾಕ್ಟರುಗಳಿಗೆ ಇದನ್ನು ಬರೆಯುತ್ತಿದ್ದೇನೆ.

ಹುಡುಕುತ್ತಿರುವುದು ಏನನ್ನು?

ಪಿಸಿವಿ ಅಂದರೆ ಪಾಲಿಪಾಯ್ಡಲ್ ಕೋರಾಯ್ಡಲ್ ವ್ಯಾಸ್ಕ್ಯುಲೋಪತಿ. ರೆಟಿನಾದ ಹಿಂದೆ ರಕ್ತನಾಳಗಳೇ ತುಂಬಿರುವ ಪದರ ಕೋರಾಯ್ಡ್. ಅಲ್ಲಿಂದ ಹೊಸ ನಾಳಗಳು ಹೊರಡುತ್ತವೆ. ಬ್ರುಕ್ ಪೊರೆಯನ್ನು ದಾಟುತ್ತವೆ. ಆರ್‌ಪಿಇ ಅನ್ನುವ ಬಣ್ಣದ ಕೋಶಗಳ ಹಾಸಿನ ಅಡಿಯಲ್ಲಿ ಬಳ್ಳಿಯ ಹಾಗೆ ಹಬ್ಬುತ್ತವೆ. ಬಳ್ಳಿಯ ತುದಿಯಲ್ಲಿ ನಾಳ ಉಬ್ಬಿ ದುಂಡಗಾಗುತ್ತದೆ. ಅದೇ ಪಾಲಿಪ್. ಹೆಸರು ಕೇಳಿ ಇದನ್ನು ಮಾಂಸದ ಗಡ್ಡೆ ಅಂದುಕೊಳ್ಳಬೇಡಿ. ಇದು ಒಳಗೆ ರಕ್ತ ಆಡುವ, ತೆಳು ಗೋಡೆಯ ಗುಳ್ಳೆ. ಇದರಿಂದ ನೀರು ಸೋರುತ್ತದೆ, ಕೆಲವೊಮ್ಮೆ ಒಡೆದು ರಕ್ತ ಹರಿಯುತ್ತದೆ. ನಾನು ಕಲಿಯಲು ಬಂದವರಿಗೆ ಬಳ್ಳಿ ಮತ್ತು ಕಾಯಿ ಅಂತಲೇ ಹೇಳಿಕೊಡುತ್ತೇನೆ. ಮುಂದೆಯೂ ಹಾಗೇ ಬರೆಯುತ್ತೇನೆ.

ಲಾರೆನ್ಸ್ ಯಾನುಜ಼ಿ 1982ರಲ್ಲಿ ಇದನ್ನು ಮೊದಲು ವಿವರಿಸಿದರು. 1990ರಲ್ಲಿ ಅವರ ಲೇಖನ ಬಂತು. ಆಗ ಇದು ಅಪರೂಪದ ಕಾಯಿಲೆ ಅನ್ನಿಸಿತ್ತು. ಈಗ ಹಾಗಿಲ್ಲ. ವೆಟ್ ಎಎಂಡಿ ಅಂತ ಹಣೆಪಟ್ಟಿ ಹಚ್ಚಿಕೊಂಡು ಬಂದವರಲ್ಲಿ ಪಿಸಿವಿ ಎಷ್ಟು ಅಂತ ಏಷ್ಯಾದ ಅಧ್ಯಯನಗಳು ನೋಡಿವೆ. ಐದರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕಿಂತ ಜಾಸ್ತಿ ಜನರವರೆಗೆ ಸಿಕ್ಕಿದೆ. ಬಿಳಿಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು. ಅಂದರೆ ಬಾಗಿಲಲ್ಲಿ ಕೂತಿರುವ ಮುಂದಿನ ವೆಟ್ ಎಎಂಡಿ ಪೇಷೆಂಟ್ ಪಿಸಿವಿಯವರೇ ಆಗಿರಬಹುದು.

ಹೆಸರು ಬೇರೆಯಾದರೆ ಏನಾಯಿತು, ಇಂಜೆಕ್ಷನ್ ಹೇಗೂ ಅದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ವ್ಯತ್ಯಾಸ ಇದೆ. ಎವರೆಸ್ಟ್ 2 ಅಧ್ಯಯನದಲ್ಲಿ ರಾನಿಬಿಝುಮಾಬ್ ಇಂಜೆಕ್ಷನ್ ಜೊತೆ ಪಿಡಿಟಿ ಲೇಸರ್ (ಬೆಳಕು ಬಿದ್ದಾಗ ಕೆಲಸ ಮಾಡುವ ಔಷಧ ಕೊಟ್ಟು ಹಾಕುವ ಲೇಸರ್) ಕೊಟ್ಟ ಗುಂಪಿನಲ್ಲಿ 12 ತಿಂಗಳಿಗೆ ಕಾಯಿಗಳು ಪೂರ್ತಿ ಮುಚ್ಚಿದ್ದು 69.3%. ಬರೀ ಇಂಜೆಕ್ಷನ್ ಗುಂಪಿನಲ್ಲಿ 34.7%. ದೃಷ್ಟಿ ಪರೀಕ್ಷೆಯ ಪಟ್ಟಿಯಲ್ಲಿ ಕ್ರಮವಾಗಿ 8.3 ಅಕ್ಷರ ಮತ್ತು 5.1 ಅಕ್ಷರದ ಗಳಿಕೆ. ಪ್ಲಾನೆಟ್ ಅಧ್ಯಯನದಲ್ಲಿ ಅಫ್ಲಿಬರ್ಸೆಪ್ಟ್ ಒಂದನ್ನೇ ಕೊಟ್ಟಾಗಲೂ ಬಹಳ ಜನರಿಗೆ ಚೆನ್ನಾಗಿ ಆಯಿತು. ಹಾಗಾಗಿ ಎಲ್ಲರಿಗೂ ಲೇಸರ್ ಬೇಕು ಅಂತಲ್ಲ. ಆದರೆ ಲೇಸರ್ ಬೇಕೋ ಬೇಡವೋ, ಬೇಕಾದರೆ ಎಲ್ಲಿಗೆ ಅಂತ ಹೇಳಲು ಕಾಯಿ ಎಲ್ಲಿದೆ ಅನ್ನುವುದು ಗೊತ್ತಿರಬೇಕು.

ಮೊದಲು ಬಣ್ಣದ ಫೋಟೋ

ಇದನ್ನು ಬಿಟ್ಟು ಸೀದಾ ಓಸಿಟಿಗೆ ಹೋಗಬೇಡಿ. ಕಣ್ಣಿನ ಪಾಪೆ ಚೆನ್ನಾಗಿ ಅಗಲವಾಗಲಿ. ನೇರ ನೋಟದ ಜಾಗವಾದ ಮ್ಯಾಕುಲಾ ಮತ್ತು ಡಿಸ್ಕ್ ಎರಡೂ ಒಂದೇ ಚಿತ್ರದಲ್ಲಿ ಬರಲಿ. ಸುತ್ತಲಿನ ಚಿತ್ರಗಳನ್ನೂ ತೆಗೆಯಿರಿ. ಹುಡುಕಬೇಕಾದ್ದು ಕಿತ್ತಳೆ ಬಣ್ಣದ ದುಂಡು ಗಂಟು. ಕೆಂಪು ಅಲ್ಲ, ಹಳದಿಯೂ ಅಲ್ಲ. ಅದರ ಪಕ್ಕದಲ್ಲಿ ರಕ್ತದ ಮಡು ಇದ್ದರೆ ಸಂಶಯ ಜಾಸ್ತಿಯಾಗಬೇಕು. ಆರ್‌ಪಿಇ ಅಡಿಯ ರಕ್ತ ಕಪ್ಪುಗೆಂಪಾಗಿ, ಅಂಚು ಗೆರೆ ಎಳೆದಂತೆ ಕಾಣುತ್ತದೆ. ಡಿಸ್ಕಿನ ನಾಲ್ಕು ಪಟ್ಟು ಅಥವಾ ಅದಕ್ಕಿಂತ ದೊಡ್ಡ ರಕ್ತದ ಹರವು ಇದ್ದರೆ ಅದೇ ಒಂದು ಸುಳಿವು. ಗಟ್ಟಿ ಹಳದಿ ಕೊಬ್ಬಿನ ಚುಕ್ಕೆಗಳು ಉಂಗುರದಂತೆ ಕೂತಿದ್ದರೆ ಉಂಗುರದ ನಡುವೆ ನೋಡಿ. ಸೋರುವ ಜಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಫ್ಲ್ಯಾಶ್ ಜಾಸ್ತಿಯಾದರೆ ಕಿತ್ತಳೆ ತೊಳೆದುಹೋಗುತ್ತದೆ. ನಾನು ಒಂದು ಚಿತ್ರವನ್ನು ಬೇಕೆಂದೇ ಸ್ವಲ್ಪ ಮಂಕಾಗಿ ತೆಗೆದಿಡುತ್ತೇನೆ.

ಓಸಿಟಿ: ಗೆರೆಗಳ ನಡುವಿನ ಸಂದಿ

ಓಸಿಟಿ ಅಂದರೆ ಹೋಳು. ಕತ್ತಿ ಬಿದ್ದ ಜಾಗ ಮಾತ್ರ ಕಾಣುತ್ತದೆ. 20 ಡಿಗ್ರಿ ಚೌಕಕ್ಕೆ 25 ಗೆರೆ ಹಾಕಿದರೆ ಒಂದು ಗೆರೆಗೂ ಇನ್ನೊಂದಕ್ಕೂ ಸುಮಾರು 240 ಮೈಕ್ರಾನ್ ಅಂತರ. ಸಣ್ಣ ಕಾಯಿ ಆ ಸಂದಿಯಲ್ಲೇ ಉಳಿದುಬಿಡಬಹುದು. ಅದಕ್ಕೇ ಸಂಶಯ ಇರುವ ಕಣ್ಣಿಗೆ ನಾನು ಹೀಗೆ ಮಾಡುತ್ತೇನೆ. ಮಾಮೂಲಿ ಮ್ಯಾಕುಲಾ ಸ್ಕ್ಯಾನ್ ಮೊದಲು. ಆಮೇಲೆ ಅದರಲ್ಲಿ ಆರ್‌ಪಿಇ ಎದ್ದಿರುವ ಜಾಗ ಹುಡುಕಿ, ಅಲ್ಲಿ ಸಣ್ಣ ಚೌಕದಲ್ಲಿ ಒತ್ತೊತ್ತಾಗಿ ಗೆರೆ ಹಾಕುತ್ತೇನೆ. ಅದೇ ಜಾಗಕ್ಕೆ ಮೇಲಿನಿಂದ ಕೆಳಗೆ ಇನ್ನೊಂದು ಸುತ್ತು. ಕೊನೆಗೆ ಡಿಸ್ಕಿನ ಸುತ್ತ. ಇದಕ್ಕೆಲ್ಲ ಹಿಡಿಯುವುದು ಹೆಚ್ಚಂದರೆ ಐದು ನಿಮಿಷ. ಆ ಹಿರಿಯರ ವಿಷಯದಲ್ಲಿ ನಾನು ಮಾಡದೇ ಬಿಟ್ಟದ್ದು ಆ ಕೊನೆಯ ಕೆಲಸವನ್ನು. ಮ್ಯಾಕುಲಾದ ನಡುವಿಗೆ ಹಾಕಿದ 20 ಡಿಗ್ರಿ ಚೌಕ ಡಿಸ್ಕಿನ ಅಂಚನ್ನು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ.

ಈಗ ಚಿತ್ರದಲ್ಲಿ ಏನು ನೋಡಬೇಕು ಅನ್ನುವುದು. ಆರ್‌ಪಿಇ ತನ್ನ ಹಾಸಿನಿಂದ ಮೇಲೆದ್ದರೆ ಅದನ್ನು ಪಿಇಡಿ ಅನ್ನುತ್ತೇವೆ. ಬೇರೆ ಕಾಯಿಲೆಗಳಲ್ಲಿ ಅದು ಮಗುಚಿಟ್ಟ ಬಟ್ಟಲಿನಂತೆ ಸಲೀಸಾಗಿ ಏರಿ ಇಳಿಯುತ್ತದೆ. ಪಿಸಿವಿಯಲ್ಲಿ ಕಾಯಿ ಇರುವ ಕಡೆ ಅದು ಚೂಪಾಗಿ ಮೇಲೇಳುತ್ತದೆ, ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ. ಗೋಡೆ ಹೆಚ್ಚು ಕಡಿಮೆ ನೆಟ್ಟಗೆ ನಿಂತಿರುತ್ತದೆ. ಇದು ನನ್ನ ಮಟ್ಟಿಗೆ ಮೊದಲ ಎಚ್ಚರಿಕೆಯ ಗಂಟೆ.

ಆ ಚೂಪಿನ ಒಳಗೆ ಹಿಗ್ಗಿಸಿ ನೋಡಿ. ಆರ್‌ಪಿಇಯ ಒಳಗೋಡೆಗೆ ಅಂಟಿಕೊಂಡು ಒಂದು ಸಣ್ಣ ಉಂಗುರ ಸಿಗಬಹುದು. ಅಂಚು ಬೆಳ್ಳಗೆ, ನಡುವೆ ಕಪ್ಪು. ಅದು ಕಾಯಿಯ ಗೋಡೆ ಮತ್ತು ಅದರ ಒಳಗಿನ ಟೊಳ್ಳು. ಉಂಗುರ ಎಲ್ಲ ಗೆರೆಯಲ್ಲೂ ಬರುವುದಿಲ್ಲ, ಒಂದೋ ಎರಡೋ ಗೆರೆಯಲ್ಲಿ ಇಣುಕಿ ಮಾಯವಾಗುತ್ತದೆ. ಪ್ರಿಂಟ್ ತೆಗೆಯುವಾಗ ನಡುವಿನ ಗೆರೆಯನ್ನೇ ಆರಿಸಿ ಕೊಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಉಂಗುರ ಇರುವ ಗೆರೆಯನ್ನು ಕೊಡಿ.

ಕಾಯಿಯಿಂದ ಪಕ್ಕಕ್ಕೆ ಸರಿದರೆ ಬಳ್ಳಿ ಇರುತ್ತದೆ. ಅಲ್ಲಿ ಆರ್‌ಪಿಇ ಸ್ವಲ್ಪವೇ ಎದ್ದು ಅಲೆಅಲೆಯಾಗಿರುತ್ತದೆ. ಅದರ ಕೆಳಗೆ ಬ್ರುಕ್ ಪೊರೆ ನೇರ ಗೆರೆಯಾಗಿ ಉಳಿದಿರುತ್ತದೆ. ಎರಡು ಗೆರೆ, ನಡುವೆ ಬೂದು ಬಣ್ಣದ ತೆಳು ತುಂಬು. ಇದಕ್ಕೆ ‘ಡಬಲ್ ಲೇಯರ್ ಸೈನ್’ ಅನ್ನುತ್ತಾರೆ. ಇದು ಬಳ್ಳಿಯ ಗುರುತು ಅಷ್ಟೇ. ಬರೀ ಇದನ್ನು ಕಂಡು ಪಿಸಿವಿ ಅನ್ನಲು ಆಗುವುದಿಲ್ಲ, ಕಾಯಿಯಿಲ್ಲದ ಬೇರೆ ನಾಳದ ಬೆಳವಣಿಗೆಯಲ್ಲೂ ಇರುತ್ತದೆ. ಆದರೆ ಬಳ್ಳಿ ಕಂಡರೆ ಅದರ ಅಂಚಿನಗುಂಟ ನಡೆಯಿರಿ. ಕಾಯಿ ಇದ್ದರೆ ಅಂಚಿನಲ್ಲೇ ಸಿಗುವ ಸಂಭವ ಜಾಸ್ತಿ. ಎರಡು ಉಬ್ಬುಗಳ ನಡುವೆ ಕಚ್ಚು ಹಾಕಿದಂತೆ ತಗ್ಗು ಬಿದ್ದಿದ್ದರೆ ಆ ತಗ್ಗನ್ನೂ ಬಿಡಬೇಡಿ.

ಕೊನೆಯದು ಕೋರಾಯ್ಡ್. ಇಡಿಐ ಮೋಡ್ ಹಾಕಿದರೆ ಆಳ ಚೆನ್ನಾಗಿ ಕಾಣುತ್ತದೆ. ಹಲವು ಪಿಸಿವಿ ಕಣ್ಣುಗಳಲ್ಲಿ ಕೋರಾಯ್ಡ್ ದಪ್ಪಗಿರುತ್ತದೆ, ಆಳದ ದೊಡ್ಡ ನಾಳಗಳು ಊದಿಕೊಂಡಿರುತ್ತವೆ. ಆದರೆ ತೆಳು ಕೋರಾಯ್ಡ್‌ನಲ್ಲೂ ಪಿಸಿವಿ ಬರುತ್ತದೆ. ತೆಳುವಿದೆ ಅಂತ ಸುಮ್ನೆ ಕೈಬಿಡಬೇಡಿ.

ಐಸಿಜಿ: ಇಲ್ಲಿ ಕೆಲಸ ಶುರುವಾಗುವುದು ಡೈಗಿಂತ ಮೊದಲು

ಕಾಯಿಯನ್ನು ಖಚಿತವಾಗಿ ತೋರಿಸುವ ಪರೀಕ್ಷೆ ಇಂದಿಗೂ ಐಸಿಜಿ ಆಂಜಿಯೋಗ್ರಫಿಯೇ. ಕಾರಣ ಸರಳ. ಮಾಮೂಲಿ ಡೈ ಪರೀಕ್ಷೆಯಾದ ಎಫ್‌ಎಫ್‌ಎಯಲ್ಲಿ ಬಳಸುವ ಫ್ಲೋರೆಸಿನ್ ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ. ಆ ಬೆಳಕನ್ನು ಆರ್‌ಪಿಇಯ ಬಣ್ಣ ತಡೆಯುತ್ತದೆ. ಜೊತೆಗೆ ಆ ಡೈ ಕೋರಾಯ್ಡ್‌ನ ಸಣ್ಣ ನಾಳಗಳಿಂದ ಬೇಗ ಸೋರಿ ಎಲ್ಲವನ್ನೂ ಮಬ್ಬು ಮಾಡುತ್ತದೆ. ಐಸಿಜಿ ಕೆಲಸ ಮಾಡುವುದು ಸುಮಾರು 800 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕಿನಲ್ಲಿ. ಅದು ಆರ್‌ಪಿಇಯನ್ನೂ ತೆಳು ರಕ್ತವನ್ನೂ ದಾಟುತ್ತದೆ. ಡೈಯ ಸುಮಾರು 98% ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ನಾಳದ ಒಳಗೇ ಉಳಿಯುತ್ತದೆ. ಹಾಗಾಗಿ ಬಳ್ಳಿಯೂ ಕಾಯಿಯೂ ಬಿಡಿಸಿ ಕಾಣುತ್ತವೆ.

ಡೈ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಈ ಡೈಯಲ್ಲಿ ಅಯೋಡಿನ್ ಅಂಶ ಇರುತ್ತದೆ, ಹಾಗಾಗಿ ಅಯೋಡಿನ್ ಅಲರ್ಜಿ ಇದೆಯಾ? ಡೈ ಹೊರಹೋಗುವುದು ಲಿವರ್ ಮೂಲಕ, ಲಿವರ್ ತೊಂದರೆ ಇದೆಯಾ? ಗರ್ಭಿಣಿಯಾ? ಹಿಂದೆ ಯಾವುದಾದರೂ ಡೈಗೆ ಮೈ ಕೆರೆತ, ಉಸಿರುಗಟ್ಟುವಿಕೆ ಆಗಿತ್ತಾ? ಥೈರಾಯ್ಡ್‌ನ ರೇಡಿಯೋ ಅಯೋಡಿನ್ ಪರೀಕ್ಷೆ ಹತ್ತಿರದಲ್ಲಿದೆಯಾ? ಇದ್ದರೆ ಡೈ ಕೊಟ್ಟ ಮೇಲೆ ಒಂದು ವಾರ ಆ ಪರೀಕ್ಷೆ ಮಾಡಬಾರದು. ಕೇಳಿದ್ದನ್ನು ಬರೆದಿಡಿ. ಡಾಕ್ಟರ್ ಹತ್ತಿರದಲ್ಲಿರಲಿ. ತುರ್ತು ಔಷಧದ ಟ್ರೇ ಬೀಗ ಹಾಕಿದ ಕಪಾಟಿನಲ್ಲಿ ಬೇಡ, ಕೈಗೆ ಸಿಗುವಂತಿರಲಿ. ತೀವ್ರ ರಿಯಾಕ್ಷನ್ ಬಹಳ ಅಪರೂಪ. ಆದರೂ ಆಗುವ ದಿನ ಹೇಳಿ ಬರುವುದಿಲ್ಲ.

ಸಾಮಾನ್ಯವಾಗಿ 25 ಮಿಲಿಗ್ರಾಂ ಡೈಯನ್ನು ಅದರ ಜೊತೆಗೇ ಬರುವ ನೀರಿನಲ್ಲಿ ಕರಗಿಸುತ್ತೇವೆ. ಕರಗಿಸಿದ್ದನ್ನು ಆರು ಗಂಟೆಯೊಳಗೆ ಬಳಸಬೇಕು. ವೇಗವಾಗಿ ಕೊಟ್ಟು, ಹಿಂದೆಯೇ ಸಲೈನ್ ತಳ್ಳಬೇಕು. ನಿಧಾನ ಮಾಡಿದರೆ ಡೈ ಒಟ್ಟಿಗೆ ಬಂದು ಸೇರುವುದಿಲ್ಲ, ಮೊದಲ ಸೆಕೆಂಡುಗಳ ಚಿತ್ರ ಸಪ್ಪೆಯಾಗುತ್ತದೆ.

ಆ ಮೊದಲ ಸೆಕೆಂಡುಗಳೇ ಮುಖ್ಯ. ಸೂಜಿ ಒತ್ತುವಾಗಲೇ ವಿಡಿಯೋ ಶುರು ಮಾಡಿ. ಡೈ ಬಂದ ಮೇಲೆ ಒತ್ತಿದರೆ ತಡವಾಯಿತು. ಬಳ್ಳಿಗೆ ರಕ್ತ ಕೊಡುವ ನಾಳ ಯಾವುದು, ಕಾಯಿ ಯಾವಾಗ ತುಂಬಿತು, ಅದು ನಾಡಿಯಂತೆ ಮಿಡಿಯುತ್ತಿದೆಯಾ ಅನ್ನುವುದೆಲ್ಲ ವಿಡಿಯೋದಲ್ಲಿ ಮಾತ್ರ ತಿಳಿಯುತ್ತದೆ. ಮಿಡಿತ ಎಲ್ಲರಲ್ಲೂ ಇರುವುದಿಲ್ಲ. ಕಂಡರೆ ಬಹಳ ನಂಬಿಕೆಯ ಗುರುತು. ನಾನು ಮೊದಲ ಸಲ ಅದನ್ನು ನೋಡಿದಾಗ ಯಂತ್ರ ಅಲುಗಾಡುತ್ತಿದೆ ಅಂದುಕೊಂಡಿದ್ದೆ. ಪಕ್ಕದ ನಾಳಗಳು ಸುಮ್ಮನಿದ್ದವು, ಕಾಯಿ ಒಂದೇ ಮಿಡಿಯುತ್ತಿತ್ತು. ಇಂದಿಗೂ ಅದನ್ನು ಕಂಡರೆ ಮೈ ಜುಮ್ಮೆನ್ನುತ್ತದೆ.

ಬೆಳಕಿನ ಸೆನ್ಸಿಟಿವಿಟಿ ಮೇಲೆ ಕೈ ಇಟ್ಟಿರಿ. ಮೊದಲ ನಿಮಿಷ ಕೋರಾಯ್ಡ್ ಧಗಧಗ ಉರಿಯುತ್ತದೆ. ಆಗ ಸೆನ್ಸಿಟಿವಿಟಿ ಇಳಿಸದಿದ್ದರೆ ಚಿತ್ರವೆಲ್ಲ ಬಿಳಿ, ಕಾಯಿ ಆ ಬಿಳಿಯಲ್ಲಿ ಮುಳುಗುತ್ತದೆ. ಹೊತ್ತು ಕಳೆದಂತೆ ಏರಿಸುತ್ತಾ ಹೋಗಿ. ಫೋಕಸ್ ಕೂಡ ಅಷ್ಟೇ. ರೆಟಿನಾದ ನಾಳಗಳಿಗೆ ಹೊಂದಿಸಿದ ಫೋಕಸ್‌ನಲ್ಲೇ ಉಳಿಯಬೇಡಿ, ಆಳಕ್ಕೆ ಇಳಿಸಿ. ಆದರೆ ಎತ್ತರದ ಪಿಇಡಿ ತುದಿಯಲ್ಲಿ ಕಾಯಿ ಕೂತಿದ್ದರೆ ಮತ್ತೆ ಸ್ವಲ್ಪ ಮುಂದಕ್ಕೆ ತರಬೇಕು. ವಿಡಿಯೋ ಆದ ಮೇಲೆ 1, 2, 3, 5 ನಿಮಿಷಕ್ಕೆ ಚಿತ್ರ, ಆಮೇಲೆ 10 ಮತ್ತು 20 ನಿಮಿಷಕ್ಕೆ. ಕೆಲವನ್ನು ಜೋಡಿ ಚಿತ್ರವಾಗಿ, ಕ್ಯಾಮೆರಾ ತುಸು ಪಕ್ಕಕ್ಕೆ ಸರಿಸಿ ತೆಗೆಯಿರಿ. ಹಾಗೆ ತೆಗೆದದ್ದನ್ನು ಸ್ಟೀರಿಯೋದಲ್ಲಿ ನೋಡಿದರೆ ಕಾಯಿ ಉಬ್ಬಿ ನಿಂತಿರುವುದು ಗೊತ್ತಾಗುತ್ತದೆ. ಇನ್ನೊಂದು ಕಣ್ಣಿನ ಚಿತ್ರ ಮರೆಯಬೇಡಿ.

ಓದುವಾಗ ನಾನು ಎವರೆಸ್ಟ್ ಅಧ್ಯಯನದ ಅಳತೆಗೋಲನ್ನೇ ಇಟ್ಟುಕೊಳ್ಳುತ್ತೇನೆ. ಮೊದಲ ಆರು ನಿಮಿಷದೊಳಗೆ ರೆಟಿನಾದ ಅಡಿಯಲ್ಲಿ ಚುಕ್ಕೆಯಾಗಿ ಹೊಳೆಯುವ ಜಾಗ ಇರಬೇಕು. ಜೊತೆಗೆ ಈ ಆರರಲ್ಲಿ ಒಂದಾದರೂ ಬೇಕು: ಸ್ಟೀರಿಯೋದಲ್ಲಿ ಗಂಟಿನಂತೆ ಕಾಣುವುದು, ಚುಕ್ಕೆಯ ಸುತ್ತ ಕಪ್ಪು ಬಳೆ, ಕವಲೊಡೆದ ಬಳ್ಳಿ, ಮಿಡಿತ, ಬಣ್ಣದ ಫೋಟೋದಲ್ಲಿ ಅದೇ ಜಾಗದಲ್ಲಿ ಕಿತ್ತಳೆ ಗಂಟು, ಇಲ್ಲವೇ ನಾನು ಮೇಲೆ ಹೇಳಿದ ದೊಡ್ಡ ರಕ್ತಸ್ರಾವ. ತಡವಾದ ಚಿತ್ರಗಳಲ್ಲಿ ಬಳ್ಳಿಯ ಜಾಗ ನಕಾಶೆಯ ಹಾಗೆ ಮಂದವಾಗಿ ಬೆಳ್ಳಗಾಗುತ್ತದೆ. ಕಾಯಿ ಕೆಲವೊಮ್ಮೆ ನಡುವೆ ಕಪ್ಪಾಗಿ, ಅಂಚು ಮಾತ್ರ ಉಳಿಯುತ್ತದೆ. ಕೊನೆಯ ಚಿತ್ರವೊಂದನ್ನೇ ನೋಡಿ ಕಾಯಿ ಇಲ್ಲ ಅಂದುಬಿಟ್ಟರೆ ಮೋಸ ಹೋಗುತ್ತೀರಿ.

ದಪ್ಪ ರಕ್ತ ಮುಚ್ಚಿದ್ದರೆ ಐಸಿಜಿಗೂ ಕಾಯಿ ಕಾಣದಿರಬಹುದು. ಆಗ ವರದಿಯಲ್ಲಿ ‘ಕಾಯಿ ಇಲ್ಲ’ ಅಂತ ಬರೆಯಬೇಡಿ. ‘ರಕ್ತದಿಂದ ಮರೆಯಾಗಿದೆ, ರಕ್ತ ಕರಗಿದ ಮೇಲೆ ಮತ್ತೆ ನೋಡಬೇಕು’ ಅಂತ ಬರೆಯಿರಿ. ಈ ಎರಡು ವಾಕ್ಯದ ನಡುವೆ ಒಬ್ಬರ ದೃಷ್ಟಿ ನಿಂತಿರುತ್ತದೆ.

ಐಸಿಜಿ ಆಗದಿದ್ದರೆ

ಎಲ್ಲ ಕಡೆ ಐಸಿಜಿ ಯಂತ್ರ ಇರುವುದಿಲ್ಲ. ಎಲ್ಲ ಪೇಷೆಂಟಿಗೂ ಡೈ ಕೊಡಲು ಆಗುವುದಿಲ್ಲ. ಏಷ್ಯಾ-ಪೆಸಿಫಿಕ್ ಆಕ್ಯುಲರ್ ಇಮೇಜಿಂಗ್ ಸೊಸೈಟಿಯ ತಂಡ 2021ರಲ್ಲಿ ಪ್ರಕಟವಾದ ಕೆಲಸದಲ್ಲಿ ಇದಕ್ಕೊಂದು ದಾರಿ ಕೊಟ್ಟಿದೆ. ಮೂರು ಮುಖ್ಯ ಗುರುತುಗಳು: ಓಸಿಟಿಯಲ್ಲಿ ಆರ್‌ಪಿಇ ಅಡಿಯ ಉಂಗುರ, ಚೂಪಾದ ಪಿಇಡಿ, ಮತ್ತು ಆನ್-ಫೇಸ್ ಓಸಿಟಿಯಲ್ಲಿ ಆರ್‌ಪಿಇ ಗೊಂಚಲು ಗೊಂಚಲಾಗಿ ಎದ್ದಿರುವುದು. ಮೊದಲ ಎರಡನ್ನು ಆಗಲೇ ಹೇಳಿದೆ. ಮೂರನೆಯದಕ್ಕೆ ಒತ್ತೊತ್ತಾದ ಸ್ಕ್ಯಾನ್ ಬೇಕು. ಹೋಳುಗಳನ್ನೆಲ್ಲ ಸೇರಿಸಿ ಮೇಲಿನಿಂದ ನೋಡಿದಂತೆ ಆ ಚಿತ್ರ. ಬಳ್ಳಿಯ ಚಪ್ಪಟೆ ಹರವು, ಅದಕ್ಕೆ ಅಂಟಿದ ಕಾಯಿಗಳ ದುಂಡು, ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ. ಮೂರೂ ಒಟ್ಟಿಗೆ ಇದ್ದರೆ ಐಸಿಜಿ ಇಲ್ಲದೆಯೂ ಸಾಕಷ್ಟು ಧೈರ್ಯವಾಗಿ ಹೇಳಬಹುದು.

ಓಸಿಟಿ ಆಂಜಿಯೋಗ್ರಫಿಯಲ್ಲಿ ಡೈ ಬೇಡ. ಬಳ್ಳಿಯನ್ನು ಅದು ಚೆನ್ನಾಗಿ ತೋರಿಸುತ್ತದೆ, ಕಾಯಿಯನ್ನು ಯಾವಾಗಲೂ ಅಲ್ಲ. ಕಾಯಿಯೊಳಗೆ ರಕ್ತ ನಿಧಾನವಾಗಿ, ಸುಳಿಯಾಗಿ ತಿರುಗುತ್ತದೆ. ಯಂತ್ರಕ್ಕೆ ಆ ಹರಿವು ಸಿಗದೇ ಹೋಗಬಹುದು. ಪದರದ ಮಿತಿಯನ್ನು ಯಂತ್ರವೇ ಹಾಕಿದ್ದಕ್ಕೆ ಬಿಡಬೇಡಿ. ಆರ್‌ಪಿಇಯಿಂದ ಬ್ರುಕ್ ಪೊರೆಯವರೆಗೆ ನೀವೇ ಎಳೆದು ಕೂರಿಸಿ. ಅಡ್ಡ ಹೋಳಿನಲ್ಲಿ ಹರಿವಿನ ಬಣ್ಣ ಹಾಕಿ, ಚೂಪಿನ ಒಳಗೆ ಬಣ್ಣ ಇದೆಯಾ ನೋಡಿ. ಎಫ್‌ಎಫ್‌ಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲಿ ಸೋರುತ್ತಿದೆ ಅಂತ ತಿಳಿಯುತ್ತದೆ, ಕಾಯಿ ಇದೆಯಾ ಅನ್ನುವುದು ಹೆಚ್ಚಾಗಿ ತಿಳಿಯುವುದಿಲ್ಲ.

ಕಾಯಿಯಂತೆ ಕಾಣುವ ಬೇರೆಯವು

ಐಸಿಜಿಯಲ್ಲಿ ಹೊಳೆಯುವ ಚುಕ್ಕೆಯೆಲ್ಲ ಕಾಯಿಯಲ್ಲ. ಕೋರಾಯ್ಡ್‌ನ ನಾಳ ಬಾಗಿ ನಿಮ್ಮ ಕಡೆಗೆ ತಿರುಗಿದ ಜಾಗವೂ ಚುಕ್ಕೆಯಂತೆ ಕಾಣುತ್ತದೆ. ವಿಡಿಯೋದಲ್ಲಿ ಅದರ ಹಿಂದೆ ಹೋಗಿ, ನಾಳ ಮುಂದುವರಿಯುವುದು ಕಂಡರೆ ಅದು ಕಾಯಿಯಲ್ಲ. ರೆಟಿನಾದ ಒಳಗೇ ಹುಟ್ಟುವ ಮೂರನೇ ಬಗೆಯ ಹೊಸನಾಳದಲ್ಲೂ ಹೊಳೆಯುವ ಬಿಂದು ಇರುತ್ತದೆ. ಆದರೆ ಅದಕ್ಕೆ ರೆಟಿನಾದ ನಾಳ ಬಂದು ಸೇರುತ್ತದೆ, ಓಸಿಟಿಯಲ್ಲಿ ರೆಟಿನಾದ ಒಳಗೆ ನೀರಿನ ಗುಳ್ಳೆಗಳು ತುಂಬಿರುತ್ತವೆ, ಕೋರಾಯ್ಡ್ ಹೆಚ್ಚಾಗಿ ತೆಳು. ರೆಟಿನಾದ ಅಪಧಮನಿಯ ಉಬ್ಬು ಒಡೆದರೆ ರಕ್ತ ರೆಟಿನಾದ ಮೇಲೆ, ಒಳಗೆ, ಕೆಳಗೆ ಹೀಗೆ ಹಲವು ಮಟ್ಟದಲ್ಲಿ ಇರುತ್ತದೆ, ಉಬ್ಬು ಅಪಧಮನಿಯ ದಾರಿಯಲ್ಲೇ ಸಿಗುತ್ತದೆ.

ನನಗೆ ಅತಿ ಕಷ್ಟ ಅನ್ನಿಸುವುದು ಬಹಳ ವರ್ಷದ ಸೆಂಟ್ರಲ್ ಸೀರಸ್ ಅನ್ನುವ ಇನ್ನೊಂದು ರೆಟಿನಾ ಕಾಯಿಲೆ. ಅಲ್ಲೂ ಕೋರಾಯ್ಡ್ ದಪ್ಪ, ಅಲ್ಲೂ ರೆಟಿನಾ ಅಡಿಯಲ್ಲಿ ನೀರು, ಆರ್‌ಪಿಇ ಅಲ್ಲಲ್ಲಿ ಎದ್ದಿರುತ್ತದೆ. ಕೆಲವರಲ್ಲಿ ಅದೇ ಕಣ್ಣಿನಲ್ಲಿ ಮುಂದೆ ಬಳ್ಳಿ ಹುಟ್ಟಿ ಕಾಯಿ ಬಿಡುತ್ತದೆ. ಇಂಥ ಕಣ್ಣಿಗೆ ಒಂದು ಸಲ ನೋಡಿ ತೀರ್ಪು ಕೊಡಬೇಡಿ. ಪ್ರತಿ ಸಲ ಅದೇ ಜಾಗಕ್ಕೆ ಫಾಲೋ-ಅಪ್ ಮೋಡ್‌ನಲ್ಲಿ ಸ್ಕ್ಯಾನ್ ಹಾಕಿ, ಹಳೆಯದರ ಪಕ್ಕ ಇಟ್ಟು ನೋಡಿ.

ಅನುಮಾನ ಬಂದ ಯಾವ ಚುಕ್ಕೆಗೂ ನಾನು ಮಾಡುವ ಪರೀಕ್ಷೆ ಒಂದೇ. ಐಸಿಜಿಯಲ್ಲಿ ಆ ಚುಕ್ಕೆಯ ಮೇಲೆ ಗುರುತು ಹಾಕುತ್ತೇನೆ. ಅದೇ ಬಿಂದುವಿನ ಮೂಲಕ ಓಸಿಟಿ ಗೆರೆ ಎಳೆಯುತ್ತೇನೆ. ಅಲ್ಲಿ ಚೂಪು ಅಥವಾ ಉಂಗುರ ಇದೆಯಾ? ಬಣ್ಣದ ಫೋಟೋದಲ್ಲಿ ಅದೇ ಬಿಂದು ಕಿತ್ತಳೆಯಾ? ಮೂರು ಚಿತ್ರವೂ ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ಡಾಕ್ಟರಿಗೆ ಮೂರನ್ನೂ ಒಂದೇ ಪುಟದಲ್ಲಿ, ಬಾಣದ ಗುರುತಿನ ಜೊತೆ ಕೊಡುತ್ತೇನೆ. ಕಾಯಿ ಎಷ್ಟು, ಮ್ಯಾಕುಲಾದ ನಡುವಿನಿಂದ ಎಷ್ಟು ದೂರ, ಬಳ್ಳಿಯ ಹರವು ಎಷ್ಟು ಅಂತಲೂ ಅಳೆದು ಬರೆಯುತ್ತೇನೆ. ಪಿಡಿಟಿ ಮಾಡುವುದಾದರೆ ಲೇಸರ್ ಚುಕ್ಕೆಯ ಅಗಲ ಲೆಕ್ಕ ಹಾಕುವುದು ಇದರಿಂದಲೇ.

ಚಿಕಿತ್ಸೆ ಆದ ಮೇಲೆ ಓಸಿಟಿಯಲ್ಲಿ ಚೂಪು ಕುಗ್ಗುತ್ತದೆ, ಉಂಗುರ ಮುಚ್ಚುತ್ತದೆ, ನೀರು ಇಳಿಯುತ್ತದೆ. ಬಳ್ಳಿ ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಉಳಿದ ಬಳ್ಳಿಯ ಇನ್ನೊಂದು ತುದಿಯಲ್ಲಿ ಹೊಸ ಕಾಯಿ ಬರಬಹುದು. ನೀರು ಒಣಗಿತು ಅಂತ ಸ್ಕ್ಯಾನ್ ಚೌಕವನ್ನು ಚಿಕ್ಕದು ಮಾಡಬೇಡಿ.

ಆ ಹಿರಿಯರಿಗೆ ಪಿಡಿಟಿಯೂ ಇಂಜೆಕ್ಷನ್ನೂ ಸೇರಿಸಿ ಕೊಟ್ಟರು. ಮೂರು ತಿಂಗಳಿಗೆ ನೀರು ಒಣಗಿತು. ಬಾಗಿಲ ಚೌಕಟ್ಟು ಇನ್ನೂ ಸ್ವಲ್ಪ ವಾಲಿದಂತೆ ಕಾಣುತ್ತದಂತೆ. ಈಗಲೂ ತಪಾಸಣೆಗೆ ಬರುತ್ತಾರೆ. ಅವರ ಹೆಸರಿನಲ್ಲಿ ಯಂತ್ರದಲ್ಲಿ ಎರಡು ಸ್ಕ್ಯಾನ್ ಉಳಿಸಿಟ್ಟಿದ್ದೇನೆ, ಒಂದು ಮ್ಯಾಕುಲಾಕ್ಕೆ, ಇನ್ನೊಂದು ಡಿಸ್ಕಿನ ಅಂಚಿಗೆ. ಅವರು ಗಲ್ಲ ಇಟ್ಟು ಕೂತ ಕೂಡಲೇ ನಾನು ಮೊದಲು ಹಾಕುವುದು ಆ ಎರಡನೆಯದನ್ನು.